ಸಾಣೇಹಳ್ಳಿಯ ಬಯಲಿನಲ್ಲಿ ಒಂದು ನಾಟಕದ ಸಂಜೆ

ನಮ್ಮ ಮನೆತನಗಳಲ್ಲಿ ಯಾತ್ರೆ ಎಂದೊಡನೆ ನೆನಪಾಗುವುದು ಕೂಡಲಸಂಗಮ, ಬಸವಕಲ್ಯಾಣ, ಉಳವಿ, ಶ್ರೀಶೈಲಗಳು. ಹೊಳೆಯ ಸ್ನಾನ, ಗದ್ದುಗೆಯ ದರ್ಶನ, ದಾಸೋಹದ ಪ್ರಸಾದ, ಇವು ಯಾತ್ರೆಯ ಅಂಗಗಳೆಂದು ಹಿರಿಯರು ತಿಳಿದಿದ್ದರು. ನಾಟಕ ನೋಡುವುದೂ ಯಾತ್ರೆಯ ಒಂದು ಅಂಗವಾಗಬಲ್ಲುದೆಂದು ಐವತ್ತು ವರ್ಷಗಳ ಹಿಂದೆ ಯಾರಾದರೂ ಹೇಳಿದ್ದರೆ ಅದೇ ಹಿರಿಯರು ಹುಬ್ಬು ಗಂಟಿಕ್ಕುತ್ತಿದ್ದರು. ಬಣ್ಣ ಹಚ್ಚುವವರ ಸಹವಾಸ ಮನೆಯ ಮಕ್ಕಳಿಗೆ ಬೇಡ ಎಂಬುದು ಅಂದಿನ ಮರ್ಯಾದಸ್ಥರ ಸಾಮಾನ್ಯ ನಿಲುವಾಗಿತ್ತು. ಇಂದು ಕಾಲ ಬದಲಾಗಿದೆ. ಪ್ರತಿವರ್ಷ ನವೆಂಬರ್ ತಿಂಗಳ ಮೊದಲ ವಾರ ಸಂಸಾರಸಮೇತರಾಗಿ, ಹೊದೆಯಲು ಕಂಬಳಿ ಶಾಲುಗಳನ್ನು ಹಿಡಿದು, ನಾಟಕ ನೋಡುವುದಕ್ಕೆಂದೇ ಜನರು ಒಂದು ಮಠದ ಅಂಗಳಕ್ಕೆ ಬರುತ್ತಾರೆ. ಅದು ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ. ಅಲ್ಲಿನ ಬಯಲು ರಂಗಮಂದಿರದಲ್ಲಿ ಕಳೆದ ಒಂದು ಸಂಜೆಯನ್ನು ಕುರಿತು, ಆ ಸಂಜೆ ನಮ್ಮ ಮುಂದಿಟ್ಟ ಪ್ರಶ್ನೆಯೊಂದನ್ನು ಕುರಿತು ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆಂಬುದು ಈ ಲೇಖನದ ಉದ್ದೇಶ.

ಊರು ಮತ್ತು ಮಠ

ಹೊಸದುರ್ಗದ ಸೀಮೆ ಮಳೆಯನ್ನೇ ನಂಬಿದ ಸೀಮೆ. ಬಸ್ಸು ಊರು ಬಿಟ್ಟು ಸ್ವಲ್ಪ ದೂರ ಸಾಗಿತೆಂದರೆ ಎರಡೂ ಬದಿಗೆ ರಾಗಿಯ ಹೊಲಗಳು. ಬಾವಿಯೋ ಕೊಳವೆಬಾವಿಯೋ ಇದ್ದಲ್ಲಿ ಮಾತ್ರ ತೆಂಗಿನ ತೋಟದ ಹಸಿರು. ನವೆಂಬರಿನ ಹೊತ್ತಿಗೆ ರಾಗಿಯ ತೆನೆ ಬಲಿತು ಬಾಗಿರುತ್ತದೆ. ಮಳೆ ಕೈಕೊಟ್ಟ ವರ್ಷ ಅದೇ ಹೊಲ ಬರಿದಾಗಿರುತ್ತದೆ. ಇಂತಹ ಒಣಭೂಮಿಯ ನಡುವೆ, ದೊಡ್ಡ ಪಟ್ಟಣದ ನೆರವಿಲ್ಲದ ಒಂದು ಸಣ್ಣ ಹಳ್ಳಿಯಲ್ಲಿ ರಾಷ್ಟ್ರೀಯ ನಾಟಕೋತ್ಸವ ನಡೆಯುತ್ತದೆಂಬುದನ್ನು ಹೊಸಬರು ನಂಬುವುದು ಕಷ್ಟ.

ಸಾಣೇಹಳ್ಳಿಯ ಮಠವು ಸಿರಿಗೆರೆಯ ತರಳಬಾಳು ಜಗದ್ಗುರು ಬೃಹನ್ಮಠದ ಶಾಖಾಮಠ. ಇಲ್ಲಿನ ರಂಗಕಾರ್ಯದ ಬೇರನ್ನು ಹುಡುಕಿಕೊಂಡು ಹೊರಟರೆ ನಾವು ಸಿರಿಗೆರೆಗೇ ತಲುಪುತ್ತೇವೆ. ಲಿಂಗೈಕ್ಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳು (1914-1992) ಶಾಲೆ, ಹಾಸ್ಟೆಲುಗಳನ್ನು ಕಟ್ಟಿದಂತೆಯೇ ನಾಟಕಗಳನ್ನೂ ಬರೆದವರು. ‘ಮರಣವೇ ಮಹಾನವಮಿ’, ‘ಶರಣಸತಿ ಲಿಂಗಪತಿ’, ‘ವಿಶ್ವಬಂಧು ಮರುಳಸಿದ್ಧ’ ಅವರ ಲೇಖನಿಯಿಂದ ಬಂದ ನಾಟಕಗಳು. ಪೀಠದ ಮೇಲೆ ಕುಳಿತು ಆಶೀರ್ವಚನ ನೀಡುವ ಗುರುಗಳು ಪಾತ್ರಧಾರಿಗಳಿಗೆ ಮಾತು ಬರೆದುಕೊಡುವುದೆಂದರೆ ಆ ಕಾಲಕ್ಕೆ ಸಣ್ಣ ಸಾಹಸವಾಗಿರಲಿಲ್ಲ. ಓದು ಬರಹ ಬಾರದ ಒಕ್ಕಲುಮಕ್ಕಳಿಗೆ ಶರಣರ ಬಾಳನ್ನು ಮುಟ್ಟಿಸುವ ದಾರಿಯನ್ನು ಅವರು ನಾಟಕದಲ್ಲಿ ಕಂಡುಕೊಂಡರು.

ಆ ಗುರುಗಳ ಹೆಸರನ್ನೇ ಹೊತ್ತು 1987ರಲ್ಲಿ ಸಾಣೇಹಳ್ಳಿಯಲ್ಲಿ ಶ್ರೀ ಶಿವಕುಮಾರ ಕಲಾಸಂಘ ಹುಟ್ಟಿತು. ಅದನ್ನು ಕಟ್ಟಿ ಬೆಳೆಸಿದವರು ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು. ಹತ್ತು ವರ್ಷಗಳ ತರುವಾಯ, 1997ರಲ್ಲಿ, ‘ಶಿವಸಂಚಾರ’ ಎಂಬ ತಿರುಗಾಡುವ ನಾಟಕತಂಡ ರೂಪುಗೊಂಡಿತು. ನಾಡಿನಲ್ಲಿ ಇದಕ್ಕೊಂದು ಮೇಲ್ಪಂಕ್ತಿ ಇದ್ದಿತು: ಹೆಗ್ಗೋಡಿನ ನೀನಾಸಂ ಸಂಸ್ಥೆ 1985ರಲ್ಲಿ ‘ತಿರುಗಾಟ’ವನ್ನು ಆರಂಭಿಸಿತ್ತು. ಶಿವಸಂಚಾರದ ಕ್ರಮ ಹೀಗೆ. ಮಳೆಗಾಲದಲ್ಲಿ ಕಲಾವಿದರು ಮಠದ ಆವರಣದಲ್ಲೇ ನೆಲೆಸಿ ಹೊಸ ನಾಟಕಗಳನ್ನು ಅಭ್ಯಾಸ ಮಾಡುತ್ತಾರೆ. ವರ್ಷಕ್ಕೆ ಮೂರು ನಾಟಕಗಳು ಸಿದ್ಧವಾಗುತ್ತವೆ. ನವೆಂಬರಿನ ಉತ್ಸವದಲ್ಲಿ ಅವು ಮೊದಲು ಬೆಳಕು ಕಾಣುತ್ತವೆ. ಅನಂತರ ತಂಡವು ರಂಗಸಜ್ಜಿಕೆ, ದೀಪ, ಧ್ವನಿವರ್ಧಕ, ಉಡುಪುಗಳನ್ನೆಲ್ಲ ತನ್ನ ವಾಹನದಲ್ಲಿ ತುಂಬಿಕೊಂಡು ಊರಿಂದೂರಿಗೆ ತಿಂಗಳುಗಟ್ಟಲೆ ಸಂಚರಿಸುತ್ತದೆ. ರಂಗಶಿಕ್ಷಣ ನೀಡುವ ಶಾಲೆಯೊಂದೂ 2008ರಲ್ಲಿ ಇಲ್ಲಿ ಆರಂಭವಾಯಿತು. ನಿಂತ ನೆಲ ಸ್ಥಾವರವಾದರೆ ಅಲ್ಲಿಂದ ಹೊರಡುವ ನಾಟಕ ಜಂಗಮ. ಮಠವು ಭಕ್ತರ ಬರವನ್ನು ಕಾಯುತ್ತ ಕೂರದೆ ತಾನೇ ಅವರ ಬಾಗಿಲಿಗೆ ಹೋಗುವ ಈ ಪದ್ಧತಿಯಲ್ಲಿ ‘ಸಂಚಾರ’ ಎಂಬ ಹೆಸರು ಸಾರ್ಥಕವಾಗಿದೆ.

ಮಂಟಪ ಮತ್ತು ಬಯಲು

ನಾಟಕವನ್ನು ಎಲ್ಲಿ ಆಡಬೇಕೆಂಬುದು ನಮ್ಮ ಪ್ರಾಚೀನರಿಗೆ ಗಹನವಾದ ವಿಷಯವೇ ಆಗಿತ್ತು. ಭರತಮುನಿಯ ನಾಟ್ಯಶಾಸ್ತ್ರವು ವಿಕೃಷ್ಟ, ಚತುರಸ್ರ, ತ್ರ್ಯಸ್ರ ಎಂದು ಮೂರು ಬಗೆಯ ನಾಟ್ಯಮಂಟಪಗಳನ್ನು ಹೇಳುತ್ತದೆ. 64 ಹಸ್ತ ಉದ್ದ, 32 ಹಸ್ತ ಅಗಲದ ಮಧ್ಯಮ ಮಂಟಪವೇ ಮನುಷ್ಯರಿಗೆ ತಕ್ಕುದೆಂದು ವಿಧಿಸುತ್ತದೆ. ಅದಕ್ಕಿಂತ ದೊಡ್ಡದಾದರೆ ನಟನ ಮಾತು ಸ್ಪಷ್ಟವಾಗಿ ಕೇಳಿಸದು, ಮುಖದ ಭಾವ ಕಾಣಿಸದು ಎಂಬುದು ಅದಕ್ಕೆ ಕಾರಣ. ಗೋಡೆ, ಕಂಬ, ಚಾವಣಿಗಳಿಂದ ಕೂಡಿದ ಆ ಮಂಟಪದಲ್ಲಿ ಯಾವ ವರ್ಣದವರು ಎಲ್ಲಿ ಕೂರಬೇಕೆಂಬುದನ್ನು ತಿಳಿಸಲು ವರ್ಣಕ್ಕೊಂದರಂತೆ ಕಂಬಗಳ ನಿಯಮವೂ ಉಂಟು.

ಜನಸಾಮಾನ್ಯರು ಮಾತ್ರ ಮಂಟಪವನ್ನು ಕಾಯಲಿಲ್ಲ. ಸುಗ್ಗಿ ಮುಗಿದ ಮೇಲೆ ಕಣದಲ್ಲೋ ಊರಮುಂದಿನ ಬಯಲಿನಲ್ಲೋ ಅಟ್ಟ ಕಟ್ಟಿ, ಇರುಳಿಡೀ ಆಡಿ, ಬೆಳಗಾಗುವಾಗ ಮಂಗಳ ಹಾಡಿದರು. ಮೂಡಲಪಾಯ, ದೊಡ್ಡಾಟ, ಸಣ್ಣಾಟಗಳೆಲ್ಲ ಬಯಲಿನ ಮಕ್ಕಳು. ದೂರದ ಗ್ರೀಸ್ ದೇಶದವರು ಬೇರೊಂದು ಉಪಾಯ ಹೂಡಿದರು. ಗುಡ್ಡದ ಇಳಿಜಾರನ್ನೇ ಅರ್ಧವರ್ತುಲವಾಗಿ ಕಡಿದು, ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಆಸನಗಳನ್ನು ಹಾಸಿ, ಕೆಳಗೆ ಆಟದ ಕಣವನ್ನಿಟ್ಟರು. ಕ್ರಿಸ್ತಪೂರ್ವ 4ನೆಯ ಶತಮಾನದ ಎಪಿಡೌರಸ್ಸಿನ ರಂಗಮಂದಿರ ಇಂದಿಗೂ ನಿಂತಿದೆ. ಅಲ್ಲಿ ಕೆಳಗೆ ಆಡಿದ ಮಾತು ಮೇಲಿನ ಮೆಟ್ಟಿಲಿಗೂ ತಲುಪುತ್ತದೆಂದು ನೋಡಿ ಬಂದವರು ಹೇಳುತ್ತಾರೆ.

ಆಧುನಿಕ ಕನ್ನಡ ರಂಗಭೂಮಿ ಬಯಲಿನ ಬಲವನ್ನು ಮತ್ತೆ ಕಂಡುಕೊಂಡದ್ದು 1972ರಲ್ಲಿ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂಬದಿಯ ಬಯಲಿನಲ್ಲಿ ಬಿ.ವಿ. ಕಾರಂತರು ‘ದೊರೆ ಈಡಿಪಸ್’, ‘ಸಂಕ್ರಾಂತಿ’, ‘ಜೋಕುಮಾರಸ್ವಾಮಿ’ ನಾಟಕಗಳನ್ನು ಆಡಿಸಿದರು. ಅಲ್ಲಿಯೇ ಮುಂದೆ ಎದ್ದು ನಿಂತ ಬಯಲು ರಂಗಮಂದಿರಕ್ಕೆ ನಾಟಕಕಾರ ಸಂಸರ ಹೆಸರನ್ನಿಡಲಾಗಿದೆ. ಸಾಣೇಹಳ್ಳಿಯ ರಂಗಮಂದಿರ ಗ್ರೀಕ್ ಮಾದರಿಯದು. ಇದರ ಹಿಂದೆ ರಂಗಕರ್ಮಿ ಸಿ.ಜಿ. ಕೃಷ್ಣಸ್ವಾಮಿಯವರ ಮಾರ್ಗದರ್ಶನವಿತ್ತು. ದೇವನೂರ ಮಹಾದೇವರ ‘ಒಡಲಾಳ’ವನ್ನು ರಂಗಕ್ಕೆ ತಂದ ಆ ನಿರ್ದೇಶಕರು ಸಾಣೇಹಳ್ಳಿಯನ್ನು ತಮ್ಮ ಮನೆಯಂತೆಯೇ ಕಂಡವರು. 2006ರಲ್ಲಿ ಅವರು ನಿಧನರಾದರೂ ಆ ಮೆಟ್ಟಿಲುಗಳ ಮೇಲೆ ಕುಳಿತ ರಂಗಾಭ್ಯಾಸಿಗಳು ಅವರನ್ನು ನೆನೆಯದೆ ಇರಲಾರರು.

ಆ ಮೆಟ್ಟಿಲುಗಳಲ್ಲಿ ನಾನು ಗಮನಿಸಿದ ಮುಖ್ಯ ಗುಣವೆಂದರೆ ಅಲ್ಲಿ ಯಾರಿಗೂ ವರ್ಣದ ಕಂಬವಿಲ್ಲ. ಮೊದಲು ಬಂದವರು ಮುಂದೆ, ತಡವಾಗಿ ಬಂದವರು ಮೇಲೆ. ಅರ್ಧವರ್ತುಲದಲ್ಲಿ ಕುಳಿತವರಿಗೆ ಆಟದ ಜೊತೆಗೆ ಎದುರು ಬದಿಯಲ್ಲಿ ಕುಳಿತ ನೆರೆಹೊರೆಯವರ ಮುಖಗಳೂ ಕಾಣಿಸುತ್ತವೆ. ಕತ್ತಲೆ ಕವಿದ ಸಭಾಂಗಣದಲ್ಲಿ ಪ್ರತಿಯೊಬ್ಬನೂ ಒಂಟಿ. ಇಲ್ಲಾದರೋ ಒಬ್ಬರು ಕಣ್ಣೊರೆಸಿಕೊಂಡರೆ ಇನ್ನೊಬ್ಬರಿಗೆ ತಿಳಿಯುತ್ತದೆ.

ಅಂದಿನ ಸಂಜೆ

ನಾವು ಹೋದ ದಿನ ಹೊತ್ತು ಮುಳುಗುವ ಮುನ್ನವೇ ಜನ ಸೇರತೊಡಗಿದ್ದರು. ಟ್ರ್ಯಾಕ್ಟರಿನಲ್ಲಿ ಬಂದ ಅಕ್ಕಪಕ್ಕದ ಹಳ್ಳಿಗಳ ತಾಯಂದಿರು, ದ್ವಿಚಕ್ರ ವಾಹನಗಳಲ್ಲಿ ಬಂದ ಯುವಕರು, ಸಾಲಾಗಿ ನಡೆದು ಬಂದ ಶಾಲೆಯ ಮಕ್ಕಳು, ದೂರದ ಊರುಗಳಿಂದ ಬಂದು ಮಠದಲ್ಲಿ ತಂಗಿದ್ದ ರಂಗಾಸಕ್ತರು, ಹೀಗೆ ಎಲ್ಲ ಬಗೆಯವರೂ ಇದ್ದರು. ಮೆಟ್ಟಿಲಿನ ಕಲ್ಲು ಹಗಲಿನ ಬಿಸಿಯನ್ನು ಇನ್ನೂ ಹಿಡಿದುಕೊಂಡಿತ್ತು. ಮೊದಲ ಒಂದು ಗಂಟೆ ಆ ಬೆಚ್ಚನೆ ಹಿತವೆನಿಸಿತು. ಆಮೇಲೆ ಚಳಿ ಇಳಿದಾಗ ಕಂಬಳಿ ತಂದವರೇ ಜಾಣರೆಂದು ಎಲ್ಲರಿಗೂ ಅರಿವಾಯಿತು.

ಕಾರ್ಯಕ್ರಮ ಆರಂಭವಾದದ್ದು ವಚನಗಾಯನದಿಂದ. ಅನಂತರ ಮಕ್ಕಳ ನೃತ್ಯ, ಒಂದು ಉಪನ್ಯಾಸ, ಸ್ವಾಮಿಗಳ ಆಶೀರ್ವಚನ. ಉಪನ್ಯಾಸ ಸ್ವಲ್ಪ ದೀರ್ಘವಾದಾಗ ಹಿಂದಿನ ಮೆಟ್ಟಿಲುಗಳಿಂದ ಚಪ್ಪಾಳೆ ಬೇಗನೆ ಬಂದದ್ದೂ ಉಂಟು. ಬಯಲಿನ ಸಭಿಕರಿಗೆ ಆ ಸ್ವಾತಂತ್ರ್ಯವಿದೆ. ಅಷ್ಟರಲ್ಲಿ ಕತ್ತಲು ಪೂರ್ಣವಾಗಿ ಕವಿದು, ಬೆಳಕಿನ ಗೋಪುರಗಳಿಂದ ಒಂದು ಕಿರಣ ಕಣದ ನಡುವೆ ಇಳಿಯಿತು.

ನಮ್ಮ ಪಕ್ಕದಲ್ಲಿ ಸುಮಾರು ಐವತ್ತೈದರ ಪ್ರಾಯದ ರೈತರೊಬ್ಬರು ಕುಳಿತಿದ್ದರು. ಹಣೆಯಲ್ಲಿ ವಿಭೂತಿ, ಹೆಗಲಲ್ಲಿ ಟವೆಲು. ನಾಟಕ ಆರಂಭವಾಗುವ ಮುಂಚೆ ಊರು ಕೇರಿಗಳ ವಿಚಾರ ಮಾತನಾಡುತ್ತ ಅವರು ತಮ್ಮ ಮನಸ್ಸಿನ ಭಾರವನ್ನು ಇಳಿಸಿಕೊಂಡರು.

“ಮಗಳು ಬಿ.ಎಡ್. ಮುಗ್ಸಿದಾಳೆ ಸ್ವಾಮಿ. ಮೂರು ವರ್ಷದಿಂದ ಗಂಡು ಹುಡುಕ್ತಾ ಇದೀನಿ. ನೀವು ಊರೂರು ತಿರುಗೋರು, ಯಾವುದಾದ್ರೂ ಒಳ್ಳೇ ಮನೆ ಇದ್ರೆ ಹೇಳಿ. ಆದ್ರೆ ನಮ್ಮೊಳಗೇ ಆಗ್ಬೇಕು.”

“ನಮ್ಮೊಳಗೆ ಎಂದರೆ? ಲಿಂಗವಂತರೊಳಗೆ ತಾನೆ?” ಎಂದು ಕೇಳಿದೆನು.

ಅವರು ಸ್ವಲ್ಪ ಸಂಕೋಚಪಟ್ಟು, ದನಿ ತಗ್ಗಿಸಿ, ತಮ್ಮ ಉಪಪಂಗಡದ ಹೆಸರನ್ನು ಹೇಳಿದರು. ನನಗೆ ಪರಿಚಿತನಾದ ಸದ್ಗುಣಿ ಯುವಕನೊಬ್ಬನಿದ್ದನು. ಪ್ರೌಢಶಾಲೆಯ ಉಪಾಧ್ಯಾಯ, ದುರಭ್ಯಾಸಗಳಿಲ್ಲದವನು, ನಿತ್ಯ ಲಿಂಗಪೂಜೆ ಮಾಡುವವನು. ಅವನ ವಿಚಾರವನ್ನು ತಿಳಿಸಿದಾಗ ಅವರ ಮುಖ ಅರಳಿತು. ಅವನ ಪಂಗಡ ಬೇರೆಯೆಂದಾಗ ಅದೇ ಮುಖ ಬಾಡಿತು. “ಹಂಗಾದ್ರೆ ಆಗಲ್ಲ ಬಿಡಿ” ಎಂದು ರಂಗದ ಕಡೆ ತಿರುಗಿದರು.

ಕಲ್ಯಾಣದ ಕಥೆ

ಅಂದಿನ ನಾಟಕ ಕಲ್ಯಾಣದ ಕಥೆಯನ್ನು ಕುರಿತದ್ದು. ಕನ್ನಡ ರಂಗಭೂಮಿ ಈ ಕಥೆಗೆ ಮರಳಿ ಮರಳಿ ಬಂದಿದೆ. ಏಣಗಿ ಬಾಳಪ್ಪನವರ ಕಂಪನಿಯ ‘ಜಗಜ್ಯೋತಿ ಬಸವೇಶ್ವರ’ವನ್ನು ನೋಡಲು ಒಂದು ಕಾಲಕ್ಕೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಜನ ಬರುತ್ತಿದ್ದರು. ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’, ಗಿರೀಶ ಕಾರ್ನಾಡರ ‘ತಲೆದಂಡ’, ಎಂ.ಎಂ. ಕಲಬುರ್ಗಿಯವರ ‘ಕೆಟ್ಟಿತ್ತು ಕಲ್ಯಾಣ’ ಇವೆಲ್ಲ ಒಂದೇ ಬೆಂಕಿಯ ಸುತ್ತ ಬೇರೆ ಬೇರೆ ದಿಕ್ಕಿನಲ್ಲಿ ನಿಂತು ಬರೆದ ಕೃತಿಗಳು. ಅವುಗಳಲ್ಲಿ ಕೆಲವು ನಮ್ಮ ಸಮಾಜದಲ್ಲಿ ವಾದವಿವಾದಗಳನ್ನು ಎಬ್ಬಿಸಿದ್ದೂ ಉಂಟು. ಎಲ್ಲರೂ ಮತ್ತೆ ಮತ್ತೆ ಬಂದು ನಿಲ್ಲುವುದು ಒಂದು ಮದುವೆಯ ಮನೆಯ ಮುಂದೆ.

ಆ ಮದುವೆಯ ವೃತ್ತಾಂತ ಓದುಗರಿಗೆ ತಿಳಿದುದೇ ಆಗಿದೆ. ಸಮಗಾರ ಕಾಯಕದ ಹರಳಯ್ಯನವರ ಮಗನಿಗೂ ಬ್ರಾಹ್ಮಣಕುಲದಿಂದ ಬಂದ ಮಧುವರಸರ ಮಗಳಿಗೂ ಶರಣರು ಲಗ್ನ ಮಾಡಿದರು. ಲಿಂಗದೀಕ್ಷೆ ಪಡೆದ ಮೇಲೆ ಹಿಂದಿನ ಕುಲವಿಲ್ಲ ಎಂಬ ತತ್ತ್ವದ ಪ್ರಕಾರ ಅದು ಶರಣರ ಮನೆಯಿಂದ ಶರಣರ ಮನೆಗೆ ನಡೆದ ಸಂಬಂಧ. ಬಿಜ್ಜಳನ ಆಸ್ಥಾನ ಅದನ್ನು ವರ್ಣಸಂಕರವೆಂದಿತು. ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆಯಾಯಿತೆಂದು, ಕಲ್ಯಾಣ ಹೊತ್ತಿ ಉರಿಯಿತೆಂದು, ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರೆಂದು ನಮ್ಮ ಪರಂಪರೆ ನೆನೆಯುತ್ತದೆ.

ಆ ಇರುಳು ರಂಗದ ಮೇಲೆ ರಕ್ತದ ತೋರಿಕೆ ಇರಲಿಲ್ಲ. ಆನೆಯೂ ಇರಲಿಲ್ಲ. ಒಂದು ಉದ್ದನೆಯ ಹಗ್ಗ, ಮಂದವಾದ ಕೆಂಪು ಬೆಳಕು, ದೂರದಿಂದ ಒಂದೇ ಸಮನೆ ಕೇಳಿಬರುವ ಚರ್ಮವಾದ್ಯದ ಪೆಟ್ಟು. ಹರಳಯ್ಯನ ಹೆಂಡತಿಯ ಪಾತ್ರದ ಹೆಣ್ಣುಮಗಳು ಮದುವೆಯ ಚಪ್ಪರದ ಬಾಳೆಕಂಬವನ್ನು ಅಪ್ಪಿಕೊಂಡು ನಿಂತಳು. ಅವಳು ಅಳಲಿಲ್ಲ. ಒಂದೆರಡು ಕ್ಷಣ ಅವಳ ಉಸಿರಿನ ಸದ್ದು ಮಾತ್ರ ಕೇಳಿಸಿತು. ಅಷ್ಟು ಜನ ಸೇರಿದ್ದ ಬಯಲಿನಲ್ಲಿ ಒಂದು ಕೆಮ್ಮೂ ಇರಲಿಲ್ಲ. ಊರ ಕಡೆಯಿಂದ ಒಂದು ನಾಯಿ ಬೊಗಳಿದ್ದು ಸ್ಪಷ್ಟವಾಗಿ ಕೇಳಿಸಿತು. ಅದೂ ನಾಟಕದ ಒಂದು ಭಾಗವೆಂಬಂತೆ ತೋರಿತು.

ಆ ಮೌನದಲ್ಲಿ ನಮ್ಮ ಹಿಂದಿನ ಮೆಟ್ಟಿಲಿನಿಂದ ಹತ್ತು ಹನ್ನೊಂದರ ಬಾಲಕಿಯೊಬ್ಬಳ ದನಿ ಕೇಳಿಬಂತು.

“ಅಮ್ಮಾ, ಇಬ್ರೂ ಲಿಂಗ ಕಟ್ಕೊಂಡೋರೇ ಅಲ್ವಾ? ಮತ್ತೆ ಮದ್ವೆ ಮಾಡಿದ್ದು ತಪ್ಪು ಹೆಂಗಾಯ್ತು?”

“ಸುಮ್ನೆ ನೋಡೇ. ಆಮೇಲೆ ಹೇಳ್ತೀನಿ” ಎಂದರು ತಾಯಿ.

ಆ ಮಗುವಿನ ಪ್ರಶ್ನೆ ಬಿಜ್ಜಳನ ಆಸ್ಥಾನದವರಿಗೆ ಸಲ್ಲತಕ್ಕದ್ದೆಂದು ನಾವು ಸಮಾಧಾನ ಹೇಳಿಕೊಳ್ಳಬಹುದು. ನಾಟಕ ನೋಡುವಾಗ ನಾವೆಲ್ಲರೂ ಹರಳಯ್ಯ ಮಧುವರಸರ ಪಕ್ಷದವರೇ. ಅವರಿಗಾಗಿ ಕಣ್ಣೀರು ಸುರಿಸುತ್ತೇವೆ, ರಾಜನನ್ನೂ ಅವನ ಮಂತ್ರಿಗಳನ್ನೂ ಶಪಿಸುತ್ತೇವೆ. ಮನೆಗೆ ಹೋಗಿ ವಧೂವರರ ಅಂಕಣ ತೆರೆದಾಗ ಮಾತ್ರ ನಮ್ಮ ಬೆರಳು ಬಣಜಿಗ, ಪಂಚಮಸಾಲಿ, ಸಾದರ, ನೊಳಂಬ, ಗಾಣಿಗ ಎಂಬ ಹೆಸರುಗಳ ಮೇಲೆ ಓಡುತ್ತದೆ. ಹರಳಯ್ಯನವರ ಮನೆಗೂ ಮಧುವರಸರ ಮನೆಗೂ ಇದ್ದ ಅಂತರ ಆಕಾಶ ಭೂಮಿಯದು. ನಮ್ಮ ಪಂಗಡಗಳ ನಡುವಿನ ಅಂತರ ಒಂದು ಹೊಸಿಲಿನಷ್ಟೂ ಇಲ್ಲ. ಅವರು ಆಕಾಶವನ್ನೇ ದಾಟಿದರು. ನಾವು ಹೊಸಿಲಿನ ಬಳಿ ನಿಂತು ಕುಲಗೋತ್ರ ಕೇಳುತ್ತಿದ್ದೇವೆ. ಮಾತನಾಡುವ ಎಲ್ಲ ವೇದಿಕೆಗಳಲ್ಲಿಯೂ ಸಮಾನತೆಯನ್ನು ಸಾರುವ ನಮಗೆ ಈ ಒಂದು ಪ್ರಶ್ನೆಯನ್ನು ಮಕ್ಕಳ ಬಾಯಿಂದ ಕೇಳಬೇಕಾಗಿ ಬಂದಿದೆ. ಶರಣರ ಕಥೆಯನ್ನು ಮನೆಮಕ್ಕಳಿಗೆ ತೋರಿಸುವವರು ಆ ಕಥೆಯಿಂದ ಏಳುವ ಪ್ರಶ್ನೆಗೆ ಉತ್ತರವನ್ನೂ ಸಿದ್ಧಮಾಡಿಕೊಂಡಿರಬೇಕು.

ನಾಟಕ ಮುಗಿದಾಗ ರಾತ್ರಿ ಬಹಳವಾಗಿತ್ತು. ಪಾತ್ರಧಾರಿಗಳು ಬಣ್ಣದಲ್ಲೇ ಬಂದು ಸಾಲಾಗಿ ನಿಂತು ಕೈಮುಗಿದರು. ಬಿಜ್ಜಳನ ವೇಷದವನೂ ಹರಳಯ್ಯನ ವೇಷದವನೂ ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ನಿಂತದ್ದನ್ನು ಕಂಡು ಮಕ್ಕಳು ನಕ್ಕರು. ಜನರು ಪ್ರಸಾದಕ್ಕೆ ನಡೆದರು. ಅನ್ನ, ಸಾರು, ಪಲ್ಯ, ಗೋಧಿಹುಗ್ಗಿ, ಮಜ್ಜಿಗೆ. ಒಂದೇ ಪಂಕ್ತಿಯಲ್ಲಿ ಎಲ್ಲರೂ ಕುಳಿತರು. ಅಲ್ಲಿ ಯಾರೂ ಯಾರ ಪಂಗಡವನ್ನೂ ವಿಚಾರಿಸಲಿಲ್ಲ. ಊಟದ ಪಂಕ್ತಿಯಲ್ಲಿ ನಾವು ಈ ಗೆರೆಯನ್ನು ದಾಟಿ ಎಷ್ಟೋ ಕಾಲವಾಗಿದೆ. ಒಂದು ಕಾಲಕ್ಕೆ ಅದೂ ಸುಲಭವಾಗಿರಲಿಲ್ಲ. ಸಹಪಂಕ್ತಿ ಸಾಧ್ಯವಾದುದು ಮುಂದಿನದೂ ಸಾಧ್ಯವೆಂಬುದಕ್ಕೆ ಸಾಕ್ಷಿ.

ಕೈತೊಳೆಯುವಲ್ಲಿ ಆ ರೈತಬಂಧುಗಳು ಮತ್ತೆ ಸಿಕ್ಕಿದರು. ಮಾತಿಲ್ಲದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ, “ಆಗಲೇ ಹೇಳಿದ್ರಲ್ಲ, ಆ ಮೇಷ್ಟ್ರು ಹುಡುಗ. ಯಾವೂರು ಅಂದ್ರಿ?” ಎಂದು ಕೇಳಿದರು. ಹೇಳಿದೆನು. ಜೇಬಿನಿಂದ ಉತ್ಸವದ ಆಹ್ವಾನಪತ್ರಿಕೆ ತೆಗೆದು, ಅದರ ಬೆನ್ನಿಗೆ ಊರಿನ ಹೆಸರನ್ನು ಬರೆದುಕೊಂಡರು. “ನಮ್ಮವ್ವ ಒಪ್ಬೇಕು ಸ್ವಾಮಿ. ಅಣ್ಣತಮ್ಮದೀರು ಇದಾರೆ. ನೋಡಾಣ” ಎಂದು ಹೇಳಿ ಟ್ರ್ಯಾಕ್ಟರಿನತ್ತ ನಡೆದರು. ಮುಂದೇನಾಯಿತೆಂಬುದು ನನಗೆ ಗೊತ್ತಿಲ್ಲ. ಆ ತಾಯಿ ಒಪ್ಪಿರಬಹುದು, ಒಪ್ಪದೆಯೂ ಇರಬಹುದು. ಸಂಜೆ ‘ಆಗಲ್ಲ’ ಎಂದ ಮನುಷ್ಯರು ರಾತ್ರಿ ‘ನೋಡೋಣ’ ಎಂದರಲ್ಲ, ಆ ಎರಡು ಮಾತುಗಳ ನಡುವಿನ ದೂರವನ್ನು ಕ್ರಮಿಸಲು ನೂರು ಉಪನ್ಯಾಸಗಳಿಗೂ ಸಾಧ್ಯವಾಗುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ಹೋಗುವವರಿಗೆ ನಾಲ್ಕು ಮಾತು

ಸಾಣೇಹಳ್ಳಿಗೆ ಹೋಗಬಯಸುವ ಕುಟುಂಬಗಳು ಉತ್ಸವದ ಆಹ್ವಾನಪತ್ರಿಕೆಯನ್ನು ಮೊದಲೇ ತರಿಸಿಕೊಂಡು, ಯಾವ ದಿನ ಯಾವ ನಾಟಕವೆಂದು ನೋಡಿಕೊಂಡು ಹೊರಡುವುದು ಒಳಿತು. ಹೊಸದುರ್ಗದವರೆಗೆ ಬಸ್ಸಿನ ಅನುಕೂಲ ಚೆನ್ನಾಗಿದೆ. ರಾತ್ರಿ ಮರಳುವ ವ್ಯವಸ್ಥೆಯನ್ನು ಮುಂಚೆಯೇ ಮಾಡಿಕೊಳ್ಳಬೇಕು. ಚಳಿಗೆ ಹೊದಿಕೆ, ಕಲ್ಲಿನ ಮೇಲೆ ಹಾಸಲು ಒಂದು ಜಮಖಾನೆ ಜೊತೆಗಿರಲಿ. ವಯಸ್ಸಾದವರನ್ನು ಕೆಳಗಿನ ಮೆಟ್ಟಿಲುಗಳಲ್ಲಿ ಕೂರಿಸಿರಿ. ಸಾಣೇಹಳ್ಳಿಗೆ ಹೋಗಲಾಗದವರು ಶಿವಸಂಚಾರದ ತಂಡ ತಮ್ಮ ಸೀಮೆಗೆ ಬಂದಾಗ ತಪ್ಪಿಸಿಕೊಳ್ಳಬಾರದು. ಆ ಕಲಾವಿದರಿಗೆ ಒಂದು ಹೊತ್ತಿನ ಪ್ರಸಾದ, ಉಳಿಯಲು ಒಂದು ಶಾಲೆಯ ಕೋಣೆ ಒದಗಿಸುವುದೂ ದಾಸೋಹವೇ.

ಮಕ್ಕಳನ್ನು ಅವಶ್ಯವಾಗಿ ಕರೆದೊಯ್ಯಿರಿ. ಅವರಿಗೆ ನಿದ್ದೆ ಬಂದರೆ ಮಡಿಲಲ್ಲಿ ಮಲಗಲಿ; ಬಯಲಾಟದ ಕಾಲದ ಮಕ್ಕಳೂ ಹಾಗೆಯೇ ಮಲಗಿ, ನಡುನಡುವೆ ಎದ್ದು ನೋಡಿ, ಬೆಳೆದವರು. ಎಚ್ಚರವಿದ್ದು ಪ್ರಶ್ನೆ ಕೇಳಿದರೆ ‘ಆಮೇಲೆ ಹೇಳುತ್ತೇನೆ’ ಎಂದು ಸುಮ್ಮನಾಗಿಸದೆ, ಮರಳುವ ದಾರಿಯಲ್ಲಿಯಾದರೂ ಉತ್ತರ ಕೊಡಿರಿ. ಆ ಉತ್ತರ ಮಾತಿನಲ್ಲಿ ಮಾತ್ರವೇ ಇದ್ದರೆ ಇನ್ನು ಹತ್ತು ವರ್ಷಗಳಲ್ಲಿ ಅದೇ ಮಗಳು ಮದುವೆಯ ವಯಸ್ಸಿಗೆ ಬಂದು ಎದುರಿಗೆ ನಿಂತು ಮತ್ತೆ ಕೇಳುವಳು. ಅಂದು ಆಕೆಯ ಮುಂದೆ ತಲೆಯೆತ್ತಿ ನಿಲ್ಲುವಂತೆ ನಮ್ಮ ಮನೆಗಳ ನಡೆ ನೇರವಾಗಲಿ ಎಂದು ಹಾರೈಸುತ್ತೇನೆ.